ರಿವರ್ಸ್ ಇಲ್ಲದ ಕಾರು

ಶಿಡ್ಲಘಟ್ಟದ ನಮ್ಮ ಬೀದಿ ಇಳಿಜಾರು.
ಕಾರು ಕೊಂಡದ್ದೇ ಆ ಧೈರ್ಯದ ಮೇಲೆ.

ಎಂಟುನೂರು ರೂಪಾಯಿ, ಜೊತೆಗೊಂದು ಹಳೇ ಹೊಲಿಗೆ ಮಿಷನ್ನು.
ಹುಣಸೆಮರದಡಿ ಟೈರು ಕೊಳೆತು ನಿಂತಿದ್ದ ಹೆರಾಲ್ಡನ್ನು
ಎತ್ತು ಕಟ್ಟಿ ಎಳೆಸಿಕೊಂಡು ಬಂದ ಅಣ್ಣ
(ನಾವು ಅಪ್ಪನನ್ನು ಅಣ್ಣ ಅನ್ನುವವರು).
ಹಿಂದಿನ ಸೀಟಲ್ಲಿ ಮೂರು ಕೋಳಿಮೊಟ್ಟೆ.
ಅಮ್ಮ ಮೊದಲು ಅವನ್ನು ಎತ್ತಿಟ್ಟಳು,
ಆಮೇಲೆ ಬೈದಳು.

ಕುದಿನೀರಲ್ಲಿ ಗೂಡು ತಿರುವಿ ನೂಲು ಬಿಚ್ಚಿದ ಕೈ,
ಕಾದ ಇಂಜಿನ್ನು ಅದಕ್ಕೇನು ಮಹಾ.
ವೈರಿನ ಸಿಕ್ಕಿನ ಮುಂದೆ ಕುಕ್ಕರಗಾಲಲ್ಲಿ ಕೂತು
‘ಎಳೆ ಸಿಗಬೇಕು ಅಷ್ಟೆ’ ಅನ್ನುತ್ತಿದ್ದ.
ಫ್ಯಾನ್ ಬೆಲ್ಟು ಚರಕದ್ದು. ಡೈನಮೋ ಮುಳಬಾಗಿಲ ಗುಜರಿಯದು.
ಹಾರ್ನು ಐಸ್ ಕ್ಯಾಂಡಿ ಗಾಡಿಯದು, ಒತ್ತಿದರೆ ಮಕ್ಕಳು ಓಡಿ ಬರುತ್ತಿದ್ದವು.
ಗ್ಯಾಸ್ಕೆಟ್ಟಿಗೆ ಗೊಬ್ಬರದಂಗಡಿ ಕ್ಯಾಲೆಂಡರಿನ ರಟ್ಟು,
ಲಕ್ಷ್ಮಿಯ ಮುಖಕ್ಕೆ ಕತ್ತರಿ ತಾಗದಂತೆ.
ಸೋರುವ ರೇಡಿಯೇಟರಿಗೆ ಒಂದು ಹಿಡಿ ರಾಗಿಹಿಟ್ಟು;
ಕಾರು ಕಾದಾಗೆಲ್ಲ ಬೀದಿ ತುಂಬ
ಅಂಬಲಿಯ ವಾಸನೆ.

ನನ್ನ ಪಾಲಿಗೆ ಟಾರ್ಚು.
‘ನನ್ನ ಮುಖಕ್ಕಲ್ಲ ಕಣೇ, ಒಳಕ್ಕೆ.’
ನಟ್ಟು ಜಾರಿ ಸಂದಿಗೆ ಬಿದ್ದರೆ ಕರೆಯುತ್ತಿದ್ದುದು ನನ್ನನ್ನಲ್ಲ:
‘ಆ ಸಣ್ಣ ಕೈ ಎಲ್ಲಿ, ತಗೊಂಡು ಬಾ.’
ತರುತ್ತಿದ್ದೆ. ಮೊಣಕೈವರೆಗೆ ಗ್ರೀಸು, ಮಾರನೇ ದಿನ
ಕಾಪಿಪುಸ್ತಕದಲ್ಲಿ ಅದರ ಐದು ಬೆರಳು.

ಒಂದೇ ಒಂದು ಹಲ್ಲುಚಕ್ರ ಎಲ್ಲೂ ಸಿಗಲಿಲ್ಲ.
ಮೂರು ವರ್ಷ ನಾವು ಬರೀ ಮುಂದಕ್ಕೇ ಹೋದೆವು.
ಯಾರ ಮದುವೆಗೆ ಕರೆ ಬಂದರೂ ಅಣ್ಣ ಕೇಳುತ್ತಿದ್ದದ್ದು
ಮುಹೂರ್ತವಲ್ಲ, ‘ಆಚೆಗೆ ದಾರಿ ಇದೆಯಾ?’
ಇಲ್ಲದ ಕಡೆ ಎಲ್ಲರೂ ಇಳಿಯುವುದು,
ಮುಂದಿನ ಬಂಪರಿಗೆ ಕೈಕೊಟ್ಟು ಹಿಂದಕ್ಕೆ ತಳ್ಳುವುದು.
ಅಮ್ಮ, ನಾನು, ಜರಿಸೀರೆಯ ಪಾಪಕ್ಕತ್ತೆ,
ಚಿಂತಾಮಣಿಯಲ್ಲಿ ಒಮ್ಮೆ ಮದುಮಗನೂ.

ಕೊನೆಗೆ ಗುಜರಿಯ ಖಾದರ್ ಪೀರ್ ಸೈಕಲ್ಲಲ್ಲಿ ಬಂದ,
ಕರ್ಚೀಫಿನಲ್ಲಿ ಬೆಲ್ಲದಚ್ಚಿನಂತೆ ಗಂಟು ಕಟ್ಟಿಕೊಂಡು.
‘ಇದೇ ನೋಡು ಪಿಳ್ಳಪ್ಪ. ದುಡ್ಡು ಬೇಡ, ಕರ್ಚೀಫು ವಾಪಸು ಕೊಡು.’
ಎರಡು ರಾತ್ರಿ ಟಾರ್ಚು ಹಿಡಿದೆ.
ಅಣ್ಣ ಕೂತ, ಗೇರು ಎಳೆದ.
ಕಾರು ನಿಜಕ್ಕೂ ಹಿಂದಕ್ಕೆ ಹೊರಟಿತು.
‘ಹಿಂದೆ ನೋಡ್ರೀ’ ಅಂತ ಅಮ್ಮ ಕೂಗಿದಳು;
ಅವನು ಅವಳ ಕಡೆ ನೋಡಿ ನಗುತ್ತಿದ್ದ.
ಎದುರುಮನೆಯ ಗೋಡೆ ಇನ್ನೂ ಅಷ್ಟು ಜಾಗ ಹೊಸ ಸಿಮೆಂಟು.

ಮುಂದಿನ ವಾರ ಕೈವಾರದ ಹತ್ತಿರ ಓಣಿ ಮುಗಿಯಿತು.
ಅಭ್ಯಾಸ, ಎಲ್ಲರೂ ಇಳಿದೆವು,
ಅತ್ತೆ ಸೆರಗು ಸಿಕ್ಕಿಸಿಕೊಂಡಳು.
ಅಣ್ಣ ಗೇರಿನ ಮೇಲೆ ಕೈ ಇಟ್ಟ,
ತೆಗೆದ.
ತಳ್ಳಿ, ಅಂದ.