ದೂಮಣ್ಣನ ತೂಕ

ಮಲ್ಪೆ ದಕ್ಕೆಯ ಹಿಂದಿನ ಐಸ್ ಪ್ಲಾಂಟಿನಲ್ಲಿ
ಒಂದು ತೂಕದ ಯಂತ್ರ, ಅದರ ಬೆನ್ನಿಂದ ಹೊರಟ ದಪ್ಪ ಕೇಬಲ್ಲು,
ಕೇಬಲ್ಲಿನ ತುದಿಗೆ ಎಂಟು ಕಿಂಡಿಯ ಹಳೇ ಕಾರ್ಡು.
ಕಾರ್ಡು ಮಾಡಿದ ಕಂಪನಿ ಮುಚ್ಚಿ ಹದಿನಾರು ವರ್ಷ.
ಅದರ ಮಾತನ್ನು ಕರ್ನೆಲ್ಲಿಗೆ ತಿಳಿಯುವಂತೆ ಹೇಳುವ
ಸಾವಿರದ ಇನ್ನೂರು ಸಾಲಿನ ಡ್ರೈವರು
ಈಗ ನನ್ನ ಹೆಸರಿನಲ್ಲಿದೆ.
ಯಾರೂ ಕರೆದು ಕೊಟ್ಟದ್ದಲ್ಲ.
ಯಾವಾಗಲೋ ಒಂದು ಅರ್ಧವಿರಾಮ ಸರಿಮಾಡಿದ್ದೆ,
ಆಮೇಲೆ ಕೇಳಿದವರಿಗೆಲ್ಲ ನನ್ನನ್ನೇ ತೋರಿಸಿದರು.

"ಡ್ರೈವರಾ?" ಅಂದರು ಕಮಲಾಕ್ಷಿ ಅತ್ತೆ, ಬೂತಾಯಿಯ ಮುಳ್ಳು ಬಿಡಿಸುತ್ತ,
"ಲೈಸೆನ್ಸ್ ಉಂಡಾ?"
ಉಂಟು ಅತ್ತೆ, ಕಡತದ ಕೊನೆಯ ಸಾಲಿನಲ್ಲೇ ಬರೆದದ್ದುಂಟು.
ಆ ಸಾಲಿಲ್ಲದೆ ಒಳಹೊಕ್ಕರೆ
ಇಡೀ ಕರ್ನೆಲ್ಲು ತನಗೆ ಮೈಲಿಗೆಯಾಯಿತೆಂದು ಬರೆದಿಟ್ಟುಕೊಳ್ಳುತ್ತದೆ.
ಹೊಕ್ಕದ್ದನ್ನು ಆಮೇಲೆ ಹೊರಗಟ್ಟಿದರೂ ಹೋಗುವುದಿಲ್ಲ,
ಎಲ್ಲ ಆರಿಸಿ ಮೊದಲಿಂದ ಶುರು ಮಾಡಬೇಕು.
"ಮಿಂದು ಬಂದ ಹಾಗೆ," ಅಂದರು ಅತ್ತೆ. ನಗಲಿಲ್ಲ.
ಈ ಊರಿನ ಯಾವ ಜಗಲಿಯ ಕೆಳಗೆ ನಿಲ್ಲಿಸಿ
ಅವರಿಗೆ ಆ ಪದ ಕಲಿಸಿದರೆಂದು ನಾನು ಕೇಳಲಿಲ್ಲ.

ಮೇ ಕೊನೆಗೆ ಸುದ್ದಿ ಬಂತು:
ಇದನ್ನು ಬಳಸುವವರು ಯಾರೂ ಕಾಣುತ್ತಿಲ್ಲ,
ಮುಂದಿನ ಆವೃತ್ತಿಗೆ ಕಿತ್ತುಹಾಕೋಣ, ಆಕ್ಷೇಪವಿದ್ದರೆ ಹೇಳಿ.
ಸಿಟ್ಟಿಲ್ಲದ, ಸಭ್ಯವಾದ ಸಾಲುಗಳು.
ಮೊದಲು ಬರೆದವನ ಹೆಸರು ಕಡತದ ನೆತ್ತಿಯ ಮೇಲಿದೆ,
ಅವನ ವಿಳಾಸಕ್ಕೆ ಕಳಿಸಿದ್ದು ಆ ಕ್ಷಣವೇ ವಾಪಸು.

ಬಳಸುವವರಿದ್ದಾರೆ, ಎಂದು ಬರೆದೆ.
ಹಾಗಾದರೆ ಪರೀಕ್ಷಿಸಿ ತೋರಿಸಿ, ಅಂದರು. ನ್ಯಾಯವೇ.
ಆದರೆ ಜೂನ್ ಬಂದಿತ್ತು.
ಎರಡು ತಿಂಗಳು ಕಡಲಿಗಿಳಿಯುವಂತಿಲ್ಲ,
ಬೋಟುಗಳು ಭುಜಕ್ಕೆ ಭುಜ ತಾಗಿಸಿ ದಕ್ಕೆಯಲ್ಲಿ ನೆನೆಯುತ್ತಿದ್ದವು,
ಪ್ಲಾಂಟಿನಲ್ಲಿ ಐಸ್ ಇಲ್ಲ. ತೂಗುವುದಕ್ಕೆ ಏನೂ ಇಲ್ಲ.
ಕಾವಲಿಗಿದ್ದ ದೂಮಣ್ಣ ಕೊಡೆ ಮಡಚಿಟ್ಟು
ತಾವೇ ತಟ್ಟೆ ಹತ್ತಿ ನಿಂತರು.

ಅರುವತ್ತೊಂದು ಪಾಯಿಂಟ್ ನಾಲ್ಕು.
"ಸರಿ ಉಂಟು. ರೇಷನ್ ಅಂಗಡಿಯಲ್ಲಿಯೂ ಅಷ್ಟೇ."
ಇಳಿಯಿರಿ. ಹತ್ತಿ.
"ನನೊರ?"
ಹೌದು, ನನೊರ.
ಮಾಡ್ಯೂಲು ತೆಗೆದೆ, ಹಾಕಿದೆ. ಅವರು ಇಳಿದರು, ಹತ್ತಿದರು.
ನಡುವೆ ಕರೆಂಟು ಹೋಯಿತು, ಬಂತು.
ಮೂವತ್ತೇಳನೆಯ ಸಲ ಪರದೆ
ನೂರ ಇಪ್ಪತ್ತೆರಡು ಪಾಯಿಂಟ್ ಎಂಟು ಎಂದಿತು.
ದೂಮಣ್ಣ ತಿರುಗಿ ನೋಡಿದರು,
ತನ್ನ ಬೆನ್ನಿಗೇ ಇನ್ನ್ಯಾರಾದರೂ ಹತ್ತಿದರೇನೋ ಎಂದು.

"ಇದು ಹೊಸತಲ್ಲ ಮಾರಾಯ, ಐಸಿಗೂ ಹೀಗೆ ಮಾಡ್ತದೆ,
ವಾರಕ್ಕೊಮ್ಮೆ. ನಾನು ಪುಸ್ತಕದಲ್ಲಿ ಅರ್ಧ ಮಾಡಿ ಬರೆಯುವುದು."
ಎಷ್ಟು ಸಮಯದಿಂದ?
"ನಾಲ್ಕು ವರ್ಷ ಆಯ್ತೇನೋ."

ನಾಲ್ಕು ವರ್ಷ.
ಹಳೆಯ ಪ್ರತಿಗಳನ್ನು ಒಂದೊಂದಾಗಿ ಹಿಂದಕ್ಕೆ ಬಿಡಿಸಿದೆ.
ನಾನೂರ ಹತ್ತನೆಯ ಸಾಲಿನಲ್ಲಿ ಆ ಮೊದಲಿನವನ ಟಿಪ್ಪಣಿ:
ಇಲ್ಲಿ ಯಾಕೆ ಎರಡು ಸಲ ಓದಬೇಕೋ ನನಗೂ ಗೊತ್ತಿಲ್ಲ. ತೆಗೆಯಬೇಡಿ.
ಯಾರೋ ಚೊಕ್ಕ ಮಾಡುವಾಗ ತೆಗೆದಿದ್ದರು,
ಟಿಪ್ಪಣಿಯನ್ನೂ, ಎರಡನೆಯ ಓದನ್ನೂ.
ಯಾರೆಂದು ನೋಡಿದೆ.
ನನ್ನದೇ ಹೆಸರು, ಮಧ್ಯರಾತ್ರಿ ದಾಟಿದ ಹೊತ್ತು,
'ಅನಗತ್ಯ ಸಾಲುಗಳನ್ನು ತೆಗೆಯಲಾಗಿದೆ.'

ಜಗತ್ತಿಡೀ ನೋಡಬಹುದಾದ ಕಡತದಲ್ಲಿ ಯಾರೂ ನೋಡದ ನನ್ನ ತಪ್ಪನ್ನು
ಒದ್ದೆ ಕೈಯ ದೂಮಣ್ಣ
ಬಾಲ್ ಪೆನ್ನಿನಲ್ಲಿ ತಿದ್ದುತ್ತ ಬಂದಿದ್ದರು.

ಸಾಲನ್ನು ಮತ್ತೆ ಕೂರಿಸಿದೆ. ಟಿಪ್ಪಣಿಯನ್ನು ಹಾಗೆಯೇ ಇಟ್ಟು
ಕೆಳಗೆ ಬರೆದೆ: ನನಗೂ ಗೊತ್ತಿಲ್ಲ. ಮಲ್ಪೆಯಲ್ಲಿ ತೂಗಿ ನೋಡಿದ್ದೇವೆ.
ಅವರು ಇಳಿದರು, ಹತ್ತಿದರು, ಇನ್ನೂರು ಸಲ.
ಅರುವತ್ತೊಂದು ಪಾಯಿಂಟ್ ನಾಲ್ಕು.
ಚಹಾ ಕುಡಿದ ಮೇಲೆ ಪಾಯಿಂಟ್ ಆರು.

ತೇಪೆ ಸ್ವೀಕೃತವಾದ ದಿನ ಹೇಳಲು ಹೋದೆ:
ದೋಷ ಹೇಳಿದವರು ಎಂಬಲ್ಲಿ ನಿಮ್ಮ ಹೆಸರಿದೆ,
ಇನ್ನು ಎಲ್ಲಿ ಯಾರು ಇದರ ಪ್ರತಿ ಇಳಿಸಿಕೊಂಡರೂ ಚರಿತ್ರೆಯೊಳಗೆ ನೀವು.
ಅವರು ಕೊಡೆಯ ನೀರು ಕೊಡವಿದರು.
"ಕುಂದರ್ ಅಂತ ಸೇರಿಸಿದೆಯಾ?
ಈ ಬಂದರಿನಲ್ಲೇ ದೂಮಣ್ಣ ಅಂತ ಮೂರು ಜನ ಇದ್ದೇವೆ."