ನಾಕು ಮೊಳದ ಲೆಕ್ಕ

ಹುಲಿಗಿ ಕ್ರಾಸಿನ ಮಾಬುಸಾಬ
ಮೂವತ್ತು ವರ್ಷ ಬೋರಿನೊಳಗಿಂದ ಮೋಟರು ಎತ್ತಿದವ.
ಹಾಯಿದೋಣಿ ನೋಡಿದ್ದು ಕ್ಯಾಲೆಂಡರಿನಲ್ಲಿ ಮಾತ್ರ.
ನನ್ನದನ್ನು ಟ್ರೇಲಿಯಿಂದಿಳಿಸಿ
ಅವನ ಅಂಗಡಿ ಮುಂದೆ ಬೋರಲು ಹಾಕಿಸಿದಾಗ
ಒಂದು ಸುತ್ತು ಹಾಕಿ ಬಂದ,
ತಳದ ಸೀಳಿನೊಳಗೆ ಬೆರಳಾಡಿಸಿದ:
‘ಇದೇನ್ರಿ ಟೀಚರ, ತೂತು ಇಟ್ಟ ಮಾಡ್ಯಾರಲ್ಲ!’

ತೂತಲ್ಲ ಮಾಬುಸಾಬ, ನಡುಹಲಗೆಯ ಗೂಡು.
ಗಾಳಿ ಪಕ್ಕದಿಂದ ದಬ್ಬಿದಾಗ
ನೀರನ್ನು ಅಪ್ಪಿ ನಿಲ್ಲುವ ಹಲಗೆ ಇಳಿಯುವುದು ಇಲ್ಲಿಂದ.
ಅದಿಲ್ಲದಿದ್ದರೆ ದೋಣಿ
ಏಡಿಯ ಹಾಗೆ ಅಡ್ಡಡ್ಡ.
ಇಳಿಸುವುದಕ್ಕೆ ಏನೂ ಬೇಡ, ಬಿಟ್ಟರೆ ಸಾಕು.
ಎತ್ತುವುದೇ.

ಹೋದ ಯುಗಾದಿಗೆ
ಖೊಖೊ ಕಂಬಕ್ಕೆ ಬಡಿದು ಮುರಿದ ಎಡ ಮಣಿಕಟ್ಟು
ಕೂಡಿಕೊಂಡಿದೆಯಂತೆ, ಡಾಕ್ಟರು ಹೇಳುತ್ತಾರೆ.
ಹದಿನೆಂಟು ಕಿಲೋ ಕಬ್ಬಿಣ ಕಂಡರೆ
ಈಗಲೂ ಮುಖ ತಿರುಗಿಸುತ್ತದೆ.
ಮಾಘ ಕಳೆದರೆ ಡ್ಯಾಮಿನ ಹಿನ್ನೀರು ದಿನಕ್ಕಿಷ್ಟು ಇಳಿಯುತ್ತ
ನಿನ್ನೆ ಇಲ್ಲದ ಕಲ್ಲು ಇವತ್ತು ಇರುತ್ತದೆ.
ಯಾರದೋ ಹೊಲದ ಬದು, ಯಾರದೋ ಬಾವಿಯ ಕಟ್ಟೆ
ಗೇಣುದ್ದ ನೀರಿನ ಕೆಳಗೆ ಸುಮ್ಮನೆ ಕೂತಿರುತ್ತವೆ.
ಹಲಗೆ ಧಡ್ ಎನ್ನುತ್ತದೆ.
ಹಗ್ಗ ಎಳೆಯುತ್ತೇನೆ, ಬರುವುದಿಲ್ಲ.
ಚುಕ್ಕಾಣಿ ಬಿಟ್ಟು ಎರಡೂ ಕೈ ಹಾಕಿದರೆ
ಹಾಯಿಯ ದಂಡ ಬಂದು ತಲೆಗೆ ಬಾರಿಸುತ್ತದೆ.

ಮೊದಲು ಅವನು ಬಾವಿಯ ಗಡಗಡಿ ತಂದ,
ಕುಂಬಳಕಾಯಿ ಗಾತ್ರದ್ದು.
ಕೂವೆಕಂಬದ ಬುಡ ನರಳಿತು.
ಆಮೇಲೆ ಸೈಕಲ್ ಚೈನು ಹಾಕಿದ.
ಅದಕ್ಕೆ ಎರಡೇ ವಾರದಲ್ಲಿ ತುಕ್ಕು.
ನನ್ನೆದುರು ಅವನು ಅದನ್ನು ಬಯ್ದ ರೀತಿ
ಇಲ್ಲಿ ಬರೆಯಲಾರೆ.
ಮೂರನೆಯ ಸಲ
ಯಾವುದೋ ಫ್ಯಾನ್ಸಿ ಸ್ಟೋರಿನ ಜಾರುಬಾಗಿಲು ಕಿತ್ತಾಗ ಉಳಿದ
ನೈಲಾನ್ ಗಾಲಿ, ನಾಲ್ಕು,
ಎರಡೆರಡು ಜೋಡಿಸಿ ಸ್ಟೀಲು ಪಟ್ಟಿಯ ನಡುವೆ ಕೂರಿಸಿದ.
ಒಂದು ಜೋಡಿ ಕಂಬದ ಬುಡಕ್ಕೆ,
ಒಂದು ಹಲಗೆಯ ಹಗ್ಗದ ತುದಿಗೆ.
ನಡುವೆ ಹೊಸ ಹಗ್ಗ, ಹೋಗಿ ಬಂದು, ಹೋಗಿ ಬಂದು.
ಹಲಗೆಯನ್ನು ಕೆಳಗೆ ಹಿಡಿದಿಡಲು
ಟ್ಯೂಬಿನಿಂದ ಕತ್ತರಿಸಿದ ರಬ್ಬರು:
ಕಲ್ಲು ತಾಗಿದರೆ ತಾನೇ ಏರಲಿ,
ದಾಟಿದ ಮೇಲೆ ತಾನೇ ಇಳಿಯಲಿ.

ಎಳೆದೆ.
ಬಕೆಟ್ಟು ನೀರು ಸೇದಿದಷ್ಟೂ ಅಲ್ಲ.
‘ಭಾರ ಎಲ್ಲಿ ಹೋಯ್ತು ಮಾಬುಸಾಬ?’
‘ಎಲ್ಲೂ ಹೋಗಂಗಿಲ್ರಿ ಅದು.
ಹಗ್ಗಕ್ಕ ಹಂಚೀನಿ.
ಹಲಗಿ ಒಂದು ಮೊಳ ಏರಬೇಕಂದ್ರ
ನಾಕು ಮೊಳ ಎಳೀರಿ. ಅವಸರ ಮಾಡಬ್ಯಾಡ್ರಿ.’

ಅವಸರವೇ ಅಲ್ಲವೆ ನನ್ನ ಕೆಲಸ?
ಇಪ್ಪತ್ತಾರು ವರ್ಷ ಸೀಟಿ ಊದಿ
ಓಡು ಓಡು ಎಂದವಳು.
ಮೊದಲ ದಿನ ಎರಡು ಮೊಳಕ್ಕೇ ನಿಲ್ಲಿಸಿ
ಏರಲೇ ಇಲ್ಲ ಎಂದುಕೊಂಡೆ.
ಹಗ್ಗ ಕಾಲ ಬಳಿ ಗುಡ್ಡೆ ಬಿದ್ದು ಪಾದಕ್ಕೆ ಸುತ್ತಿಕೊಂಡಿತು.
ಅವನು ಹಗ್ಗಕ್ಕೆ ಅಲ್ಲಲ್ಲಿ ಕೆಂಪು ದಾರ ಸುತ್ತಿಕೊಟ್ಟ,
ಕಣ್ಣಿಗಲ್ಲ, ಬೆರಳಿಗೆ.

ದೋಣಿ ಹತ್ತಲು ಒಪ್ಪಿಸುವುದಕ್ಕೆ ಮೂರು ಭಾನುವಾರ.
ನಾಲ್ಕನೆಯದಕ್ಕೆ ಬಂದ, ಚಪ್ಪಲಿ ದಂಡೆಯಲ್ಲೇ ಬಿಟ್ಟು,
ಗೂಡಿನ ಪಕ್ಕ ಕೂತ, ಹಗ್ಗ ಕೈಯಲ್ಲಿ.
ಗಾಳಿ ಮುನಿರಾಬಾದಿನ ಕಡೆಯಿಂದ, ಹದವಾಗಿ.
ನಡುನೀರಿನಲ್ಲಿ ಹಗ್ಗ ಸಡಿಲಾಯಿತು, ಮತ್ತೆ ಬಿಗಿಯಾಯಿತು.
ಧಡ್ ಎಂಬ ಸದ್ದೇ ಇಲ್ಲ.
ನನಗದು ಗಾಳಿ ಎನಿಸಿತು.
ಅವನು ಮಾತ್ರ ಅತ್ತ ಕಿವಿ ಕೊಟ್ಟ,
ಬೋರಿನಲ್ಲಿ ಕೇಸಿಂಗು ತಾಗಿದಾಗ ಕೊಡುವ ಹಾಗೆ.
‘ಕಟ್ಟಿ ಐತ್ರಿ ಕೆಳಗ. ದುಂಡಂದು. ಬಾವಿ ಇದ್ದಂಗೈತಿ.’

ಹಾಗೆಂದು ಎಳೆಯತೊಡಗಿದ,
ತುಟಿಯೊಳಗೇ ಎಣಿಸುತ್ತ:
ಒಂದು, ಎರಡು, ಮೂರು.
ನಾಲ್ಕನೆಯದನ್ನು ನನಗೆ ಬಿಟ್ಟ.
ಎಡಗೈಯಲ್ಲೇ ಎಳೆದೆ.

ಮಣಿಕಟ್ಟು ಏನೂ ಅನ್ನಲಿಲ್ಲ.
ಅದಕ್ಕೆ ಗೊತ್ತೇ ಆಗಲಿಲ್ಲ.