ಎರಡು ಮಗ್ಗುಲ ಹಾಳೆ

ಮೊದಲ ವಾರ ಓದಿದವರು ಹನ್ನೊಂದು ಮಂದಿ.
ಅದರಲ್ಲಿ ನಾನೂ ಒಬ್ಬ,
ಝೆರಾಕ್ಸ್ ಅಂಗಡಿಯ ಮೋಸೆಸ್ ಇನ್ನೊಬ್ಬ,
ಅವನು ಓದಿದ್ದು ಮಸಿ ಸರಿ ಬಂತೋ ಎಂದು ನೋಡಲು.

ಕಾಮಾಕ್ಷಿಪಾಳ್ಯದ ನಾಲ್ಕನೇ ಕ್ರಾಸಿನ ಸುದ್ದಿ,
ಒಂದು ಹಾಳೆ, ಎರಡು ರೂಪಾಯಿ.
ಉಳಿದದ್ದರಲ್ಲಿ ಗಾಡಿಯ ಸಿದ್ದಗಂಗಮ್ಮ
ಕಡಲೆಕಾಯಿ ಪೊಟ್ಟಣ ಕಟ್ಟಿದಳು.
ಆಮೇಲೆ ಜನ ಹುಡುಕಿಕೊಂಡು ಬಂದರು:
"ಕಡಲೆಕಾಯಿ ಮುಗೀತು, ಸುದ್ದಿ ಅರ್ಧಕ್ಕೇ ಹರಿದಿದೆ,
ಆ ಲೇತ್ ಮೆಷಿನ್ನಿನವನ ಬೆರಳು ಏನಾಯ್ತು?"

ನೂರಾದರು. ಇನ್ನೂರ ನಲವತ್ತಾದರು.

ಆಗ ಬಂದ ಟ್ಯಾಂಕರ್ ಮುನಿಆಂಜಿನಪ್ಪ,
ಎಂಟುನೂರು ಎಣಿಸಿಟ್ಟು:
"ಹಿಂದಿನ ಮಗ್ಗುಲು ಪೂರ್ತಿ ನಂದು.
ಫೋನ್ ನಂಬರ್ ದಪ್ಪಕ್ಕಿರಲಿ."
ಬರವಣಿಗೆಗೆ ಸಿಕ್ಕ ಮೊದಲ ದುಡ್ಡು;
ಮೂಗಿಗೆ ಹಿಡಿದೆ, ಡೀಸೆಲ್ ವಾಸನೆ.

ಮುಂದಿನ ಮಗ್ಗುಲಿಗೆ ಆಗಲೇ ಬರೆದಿಟ್ಟಿದ್ದೆ
ಅವನ ನೀರಿನಲ್ಲಿ ಹುಳ ಕಂಡ
ಮೂರು ಮನೆಗಳ ಮಾತು.

ರಾತ್ರಿಯಿಡೀ ಒಂದೇ ಸಾಲು ಹೊಡೆದುಹಾಕಿದೆ, ಮತ್ತೆ ಬರೆದೆ.
ಬೆಳಗ್ಗೆ ಮೋಸೆಸ್ ಕೇಳಿದ:
"ಎರಡೂ ಕಡೆ ಹೊಡೀಲಾ?"
"ಹೊಡಿ" ಅಂದೆ.

ತೆಳು ಕಾಗದ. ಬಿಸಿಲಿಗೆ ಹಿಡಿದರೆ
ಶುದ್ಧ ಕುಡಿಯುವ ನೀರು ಎಂಬಲ್ಲಿ
ಹಿಂದುಮುಂದಾದ ಅಕ್ಷರದ ಹುಳಗಳು
ಈಜುತ್ತಿವೆ.

ವಾಪಸ್ ಕೇಳಿಯಾನು ಎಂದು
ಎಂಟುನೂರು ಇನ್ನೂ ಮುಟ್ಟಿಲ್ಲ.
ಹಾಲಿನವನಿಗೆ ಬಾಕಿ ಇದೆ.